ಬೆನ್ನು ಕೊಟ್ಟು ಒದೆಯುವ ವಿದ್ಯೆ

ಬೆನ್ನು ತೋರಿಸುವುದೆಂದರೆ ನಮ್ಮ ಭಾಷೆಯಲ್ಲಿ ಸೋಲೊಪ್ಪಿಕೊಳ್ಳುವುದೆಂದೇ ಅರ್ಥ. 'ಬೆಂಗೊಡು' ಎಂಬ ಒಂದು ಚಿಕ್ಕ ಮಾತಿನಲ್ಲಿ ಹಳಗನ್ನಡದವರು ರಣದಿಂದ ಓಡಿದವನ ಅಪಮಾನವನ್ನೆಲ್ಲ ಅಡಕಮಾಡಿ ಇಟ್ಟಿದ್ದಾರೆ. ಕಾವ್ಯಗಳ ವೀರರಿಗೆ ಎದೆಯ ಗಾಯ ಆಭರಣವಾಗಿತ್ತು. ಬೆನ್ನಿನ ಗಾಯ ಯಾರಿಗೂ ಬೇಡವಾಗಿತ್ತು. ಹೀಗೆ ಓದಿ ಬೆಳೆದ ನಮಗೆ, ಎದುರಾಳಿಗೆ ಬೇಕೆಂದೇ ಬೆನ್ನು ಕೊಟ್ಟು, ಕೊಟ್ಟ ಆ ಬೆನ್ನಿನ ಬಲದಿಂದಲೇ ಅವನನ್ನು ಕೆಡಹುವ ಪೆಟ್ಟೊಂದಿದೆಯೆಂದರೆ ಮೊದಲಿಗೆ ನಂಬುವುದು ಕಷ್ಟ. ಜಪಾನಿನ ಕರಾಟೆಯವರು ಅದನ್ನು ಉಶಿರೊ ಗೆರಿ ಎಂದೂ ಕೊರಿಯದ ಟೇಕ್ವಾಂಡೊದವರು ದ್ವಿ ಚಾಗಿ ಎಂದೂ ಕರೆಯುತ್ತಾರೆ. (ಸಂಸ್ಕೃತ ಬಲ್ಲವರು ಮೋಸಹೋಗಬಾರದು; ಇಲ್ಲಿಯ 'ದ್ವಿ'ಗೆ ಎರಡೆಂಬ ಅರ್ಥವಿಲ್ಲ, ಹಿಂದೆ ಎಂದರ್ಥ.) ಎರಡು ಹೆಸರಿಗೂ ಹಿಂದಕ್ಕೆ ಒದೆಯುವುದೆಂದೇ ತಾತ್ಪರ್ಯ. ಮುಖಾಮುಖಿಯಾಗಿ ನಿಂತವನು ಥಟ್ಟನೆ ಅರ್ಧ ಸುತ್ತು ತಿರುಗಿ, ಬೆನ್ನು ಎದುರಾಳಿಯ ಕಡೆಗಾದೊಡನೆ ಕಾಲನ್ನು ನೆಟ್ಟಗೆ ಹಿಂದಕ್ಕೆ ಚಾಚಿ, ಹಿಮ್ಮಡಿಯಿಂದ ಹೊಡೆಯುವುದು ಇದರ ಸ್ವರೂಪ. ಕನ್ನಡದಲ್ಲಿ ಇದನ್ನು ತಿರುಗೊದೆ ಎನ್ನೋಣ.

ಕನ್ನಡ ಪಾಠ ಹೇಳುವವನಿಗೆ ಈ ಗೊಡವೆ ಏಕೆಂದು ವಾಚಕರು ಕೇಳಬಹುದು. ಸಾಗರದಿಂದ ಆರೇಳು ಕಿಲೋಮೀಟರು ದೂರದಲ್ಲಿ, ಇಕ್ಕೇರಿಯ ನೆರೆಯಲ್ಲಿ, ವರದಮೂಲವೆಂಬ ಪುಟ್ಟ ಊರಿದೆ. ವರದಾ ನದಿ ಹುಟ್ಟುವುದು ಅಲ್ಲಿಯೇ. ನೆರೆಯ ಶರಾವತಿಯಂತೆ ಪಡುವಣ ಕಡಲಿಗೆ ಇಳಿಯದೆ, ಕಡಲಿಗೆ ಬೆನ್ನು ಹಾಕಿ, ಬನವಾಸಿಯನ್ನು ಬಳಸಿ ಹರಿದು, ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುವ ಹೊಳೆ ಇದು. ಆ ಸುತ್ತಿನ ಹಳ್ಳಿಗಳ ಹೆಣ್ಣುಮಕ್ಕಳಿಗೆಂದು ಕಳೆದ ಮಳೆಗಾಲದಲ್ಲಿ ಊರಿನ ಸಭಾಭವನವೊಂದರಲ್ಲಿ ಆತ್ಮರಕ್ಷಣೆಯ ತರಗತಿ ನಡೆಯಿತು. ಕಲಿಸಲು ಬರುತ್ತಿದ್ದವರು ಒಬ್ಬ ತರುಣರು. ಪಂದ್ಯಗಳಲ್ಲಿ ಆಡಿ ಪಳಗಿದವರು. ಅವರ ಆಜ್ಞೆಗಳೆಲ್ಲ ಜಪಾನೀ ಮಾತಿನಲ್ಲಿದ್ದವು. ಮಕ್ಕಳು ಅವನ್ನು ಮಂತ್ರದಂತೆ ತಪ್ಪಿಲ್ಲದೆ ಒಪ್ಪಿಸುತ್ತಿದ್ದರು. ಕಾಲು ಮಾತ್ರ ಹೋಗಬೇಕಾದ ದಿಕ್ಕಿಗೆ ಹೋಗುತ್ತಿರಲಿಲ್ಲ. ಅಲ್ಲಿ ಕಲಿಯುತ್ತಿದ್ದ ನನ್ನ ವಿದ್ಯಾರ್ಥಿನಿಯರ ಕೈಯಲ್ಲಿ ಅವರು ಹೇಳಿಕಳುಹಿಸಿದರು: "ಸರ್, ಇವಕ್ಕೆಲ್ಲ ಸ್ವಲ್ಪ ಕನ್ನಡ ಮಾಡಿಕೊಡಬೇಕು." ಹಾಗಾಗಿ ನಾಲ್ಕಾರು ಶನಿವಾರ ಕೊಡೆ ಹಿಡಿದು ಹೋಗಿ, ಗೋಡೆಗೊರಗಿ ಕುಳಿತು ನೋಡಿದೆ.

ಒದೆ ಎಂಬುದು ಒಂದು ಜಾತಿಯ ಹೆಸರು ಮಾತ್ರ. ಅದರೊಳಗೆ ನಮ್ಮ ಜನ ಮಾಡಿರುವ ವಿಂಗಡಣೆ ಅಷ್ಟಿಷ್ಟಲ್ಲ. ಮೇಲಿನಿಂದ ಕೆಳಗೆ ಬಿದ್ದರೆ ತುಳಿತ. ಊರಿ ಒತ್ತಿದರೆ ಮೆಟ್ಟುವುದು. ಬೀಸಿ ಎಸೆದರೆ ಝಾಡಿಸುವುದು. ಗೋವಿನ ಹಾಡಿನ ತಾಯಿಹಸು ತನ್ನ ಕರುವನ್ನು ಒಡನಾಡಿಗಳಿಗೆ ಒಪ್ಪಿಸುವಾಗ ಹಾಯುವುದನ್ನೂ ಒದೆಯುವುದನ್ನೂ ಬೇರೆ ಬೇರೆಯಾಗಿ ಎಣಿಸಿ ಬೇಡಿಕೊಳ್ಳುವುದನ್ನು ಎಲ್ಲರೂ ಬಲ್ಲರು. ಕೊಂಬಿನದು ಮುಂದಣ ಅಪಾಯ, ಗೊರಸಿನದು ಹಿಂದಣ ಅಪಾಯ. ಆದರೆ ಹಿಂದಣ ಅಪಾಯದಲ್ಲೂ ಎರಡು ಬಗೆಯುಂಟು. ಹಾಲು ಕರೆಯುವವರಿಗೆ ಇದು ಗೊತ್ತು: ಹಸು ಕಾಲನ್ನು ಮೊದಲು ಮುಂದಕ್ಕೆ ತಂದು ಆಮೇಲೆ ಪಕ್ಕಕ್ಕೆ ಕಮಾನಿನಂತೆ ಬೀಸುತ್ತದೆ. ಕುದುರೆ, ಕತ್ತೆಗಳು ಹಾಗಲ್ಲ. ಕಾಲನ್ನು ಮಡಿಸಿ ನೆಟ್ಟಗೆ ಹಿಂದಕ್ಕೆ ಸಿಡಿಸುತ್ತವೆ. ತಿರುಗಿ ಒದೆಯುವ ವಿದ್ಯೆಯಲ್ಲೂ ಸರಿಯಾಗಿ ಇವೇ ಎರಡು ಪ್ರಭೇದಗಳಿವೆ. ಕಾಲನ್ನು ಬಾರುಕೋಲಿನಂತೆ ಸುತ್ತು ಬೀಸುವುದು ಒಂದು. ಅದು ನೋಡಲು ಚೆಂದ. ನೆಟ್ಟಗೆ ಚುಚ್ಚುವುದು ಇನ್ನೊಂದು. ನಮ್ಮ ವಿಷಯ ಅದು. ಕಲಿಯುವವರ ಕಾಲು ಎರಡನೆಯದನ್ನು ಮಾಡಹೊರಟು ಮೊದಲನೆಯದರತ್ತ ಜಾರುತ್ತದೆ. ಆ ಮಕ್ಕಳಲ್ಲಿ ಬಹುಮಂದಿ ಕೊಟ್ಟಿಗೆಯಿರುವ ಮನೆಯವರು. "ಹಸುವಿನ ಒದೆ ಬೇಡ, ಕುದುರೆಯ ಒದೆ ಬೇಕು" ಎಂದೊಡನೆ ಅರ್ಧ ಗಂಟೆಯ ಉಪದೇಶದಿಂದ ಆಗದ ತಿದ್ದುಪಡಿ ಆಯಿತು.

ಇನ್ನು ಅದರ ಕ್ರಮ. ಎಡಗಾಲು ಮುಂದೆ, ಬಲಗಾಲು ಹಿಂದೆ, ಮೈ ಎದುರಾಳಿಗೆ ಓರೆಯಾಗಿರಲಿ. ಎಡಪಾದದ ಮುಂಭಾಗವನ್ನು ಕೀಲಾಗಿ ಮಾಡಿಕೊಂಡು ಅದರ ಹಿಮ್ಮಡಿ ಎದುರಾಳಿಯ ಕಡೆ ಬರುವಂತೆ ಬಲಕ್ಕೆ ಹೊರಳಬೇಕು. ಹೊರಳುವಾಗ ಮೊದಲು ತಿರುಗತಕ್ಕದ್ದು ತಲೆ. ಗಲ್ಲ ಬಲಭುಜವನ್ನು ಮುಟ್ಟುವಂತಾಗಿ, ಭುಜದ ಮೇಲಿಂದ ಗುರಿ ಕಣ್ಣಿಗೆ ಬೀಳಬೇಕು. ಕಂಡ ಮೇಲೆ ಬಲಮಂಡಿ ಮಡಿಚಿ ಮೇಲೇಳುತ್ತದೆ. ಎಡಮಂಡಿಯ ಪಕ್ಕದಲ್ಲಿ, ಅದಕ್ಕೆ ತಾಗಿಯೂ ತಾಗದಂತೆ ಹಾಯ್ದು, ಬಾಗಿಲಿನ ಅಗುಳಿ ಸರಿದಂತೆ ಒಂದೇ ಗೆರೆಯಲ್ಲಿ ಹಿಂದಕ್ಕೆ ಹೋಗುತ್ತದೆ. ಬೆರಳುಗಳು ನೆಲದ ಕಡೆಗೆ, ಹಿಮ್ಮಡಿ ಮೊದಲಿಗೆ. ತಗುಲಿದ ಮರುಕ್ಷಣ ಕಾಲನ್ನು ಹೋದ ದಾರಿಯಲ್ಲೇ ಹಿಂದೆಗೆದುಕೊಳ್ಳಬೇಕು. ಇಲ್ಲವಾದರೆ ಅದು ಎದುರಾಳಿಯ ಕೈಗೆ ಸಿಕ್ಕ ಹಿಡಿಯಾಗುತ್ತದೆ. ಭುಜಗಳು ಅಳತೆ ಮೀರಿ ತಿರುಗಿದರೆ ಕಾಲೂ ಗೆರೆ ಬಿಟ್ಟು ಹೊರಗೆ ಬೀಸುತ್ತದೆ. ಆದ್ದರಿಂದ ಕಲಿಸುವವರ ಶ್ರಮದ ಬಹುಭಾಗ ಕಾಲಿನ ಮೇಲಲ್ಲ, ಭುಜದ ಮೇಲೆ ವೆಚ್ಚವಾಗುತ್ತದೆ.

ಭುಜದ ಮೇಲಿಂದ ಹಿಂದಕ್ಕೆ ನೋಡುವ ಆ ನೋಟಕ್ಕೆ ನಾನು ಕೊಟ್ಟ ಹೆಸರು ಸಿಂಹಾವಲೋಕನ. ರನ್ನನು ತನ್ನ ಗದಾಯುದ್ಧದಲ್ಲಿ ಭಾರತದ ಕಥೆಯನ್ನೆಲ್ಲ ಒಂದು ಹಗಲಿನ ಯುದ್ಧದ ನೆಲೆಯಿಂದ ಹಿಂದಿರುಗಿ ನೋಡಿ ಹೇಳಿದ ಕ್ರಮಕ್ಕೆ ಆ ಹೆಸರಿರುವುದು ಸಾಹಿತ್ಯ ಓದಿದವರಿಗೆ ತಿಳಿದ ವಿಷಯ. ಪರೀಕ್ಷೆಗೆಂದು ಅದನ್ನು ಬಾಯಿಪಾಠ ಮಾಡಿದ್ದ ಹುಡುಗಿಯರು ನಕ್ಕರು. ನಕ್ಕರೂ ಮರೆಯಲಿಲ್ಲ. "ಸಿಂಹಾವಲೋಕನ ಎಲ್ಲಿ?" ಎಂದು ಆ ತರುಣರು ಗದರಿದಾಗ ಇಪ್ಪತ್ತು ಕೊರಳುಗಳು ಒಮ್ಮೆಗೇ ಹೊರಳುತ್ತಿದ್ದವು.

ಈ ಒದೆತಕ್ಕೆ ಇಷ್ಟು ಬಲ ಎಲ್ಲಿಂದ ಬರುತ್ತದೆ? ನಮ್ಮ ದೇಹದಲ್ಲಿ ಎಲ್ಲಕ್ಕಿಂತ ದೊಡ್ಡ ಸ್ನಾಯು ನಿತಂಬದ್ದು. ಕುಕ್ಕರುಗಾಲಿನಿಂದ ಏಳುವಾಗ, ಹೊರೆ ಹೊತ್ತು ಗುಡ್ಡ ಹತ್ತುವಾಗ ದುಡಿಯುವುದು ಅದೇ. ಕಾಲನ್ನು ಮುಂದಕ್ಕೆ ಎತ್ತುವ ಸ್ನಾಯುಗಳು ಅದರ ಮುಂದೆ ಅಲ್ಪವಾದವು. ಹಿಂದಕ್ಕೆ ಒದೆಯುವಾಗ ಆ ದೊಡ್ಡ ಸ್ನಾಯುವೂ ತೊಡೆಯ ಹಿಂಭಾಗದ ಸ್ನಾಯುಗಳೂ ಒಟ್ಟಿಗೆ ಕೆಲಸಕ್ಕೆ ಬರುತ್ತವೆ. ಹೊಡೆಯುವ ಭಾಗವಾದರೂ ಹಿಮ್ಮಡಿ. ಪಾದದ ಮೂಳೆಗಳಲ್ಲಿ ಅತ್ಯಂತ ದೊಡ್ಡದು ಇರುವುದು ಅಲ್ಲಿ. ಮುಂದಕ್ಕೆ ಒದೆಯುವವನು ಬೆರಳು ಮುರಿದುಕೊಳ್ಳಬಹುದು, ಹಿಮ್ಮಡಿಗೆ ಆ ಭಯ ಕಡಿಮೆ. ಸೊಂಟ, ಮಂಡಿ, ಹಿಮ್ಮಡಿ ಒಂದೇ ಗೆರೆಯಲ್ಲಿ ಬರುವುದರಿಂದ ಇಡೀ ಮೈಯ ಭಾರ ಅಂಗೈಯಗಲದ ಜಾಗದ ಮೇಲೆ ಬೀಳುತ್ತದೆ. ಇದರ ಜೊತೆಗೆ ತಿರುಗುವಿಕೆಯ ವೇಗವೂ ಸೇರುತ್ತದೆ. ಮಂಜುಗಡ್ಡೆಯ ಮೇಲೆ ಸುತ್ತುವ ನರ್ತಕಿ ಚಾಚಿದ ಕೈಗಳನ್ನು ಎದೆಗೆ ಸೆಳೆದುಕೊಂಡರೆ ಬುಗುರಿಯಂತೆ ವೇಗಗೊಳ್ಳುವುದನ್ನು ನೋಡಿದವರಿಗೆ, ಮಂಡಿಯನ್ನು ಏಕೆ ಮೈಗೆ ಹತ್ತಿರವಾಗಿ ಮಡಿಚಿಡಬೇಕೆಂಬುದನ್ನು ಹೇಳಬೇಕಾಗಿಲ್ಲ. ಎದುರಾಳಿ ಮುಂದೆ ನುಗ್ಗಿ ಬರುತ್ತಿದ್ದರಂತೂ ಅವನ ವೇಗವೂ ಒದೆಯುವವನ ಲೆಕ್ಕಕ್ಕೇ ಜಮಾ ಆಗುತ್ತದೆ. ಪಕ್ಕೆಲುಬುಗಳು ಮುಗಿಯುವ ಕಡೆ, ಬಲಗಡೆಯ ಯಕೃತ್ತಿನ ಮೇಲೆ, ಇಂಥ ಪೆಟ್ಟು ಬಿದ್ದರೆ ಗಟ್ಟಿಮುಟ್ಟಾದವನೂ ಉಸಿರಿಲ್ಲದೆ ಕುಸಿಯುವುದುಂಟು.

ಆದರೆ ಈ ಬಲಕ್ಕೆ ತೆರಬೇಕಾದ ಬೆಲೆಯೂ ಸಣ್ಣದಲ್ಲ. ಹೊರಳುವ ಕ್ಷಣಾರ್ಧದಲ್ಲಿ ಕಣ್ಣು ಎದುರಾಳಿಯನ್ನು ಬಿಟ್ಟಿರುತ್ತದೆ. ಆ ಕ್ಷಣಾರ್ಧದಲ್ಲಿ ಅವನು ಒಂದು ಹೆಜ್ಜೆ ಒಳಕ್ಕೆ ಬಂದನೋ, ಕಾಲು ಚಾಚುವುದಕ್ಕೆ ಎಡೆಯೇ ಇಲ್ಲ. ಒಂದು ಹೆಜ್ಜೆ ಹಿಂದೆ ಸರಿದನೋ, ಒದೆತ ಗಾಳಿಗೆ, ಬೆನ್ನು ಅವನಿಗೆ. ಅದಕ್ಕಾಗಿಯೇ ಅನುಭವಸ್ಥರು ಇದನ್ನು ಸುಮ್ಮನೆ ನಿಂತವನ ಮೇಲೆ ಪ್ರಯೋಗಿಸುವುದಿಲ್ಲ. ಎದುರಾಳಿ ತಾನೇ ಕಾಲೆತ್ತಿ ನಿಂತು ಬದಲಾಯಿಸಲಾಗದ ಸ್ಥಿತಿಯಲ್ಲಿರುವಾಗ ಪ್ರತ್ಯುತ್ತರವಾಗಿ ಪ್ರಯೋಗಿಸುತ್ತಾರೆ. ಇನ್ನು ನೆಲದ ಮಾತು. ಬೇರೆಡೆಯವರು ಇದನ್ನು ಯೋಚಿಸುತ್ತಾರೋ ಇಲ್ಲವೋ, ನಮ್ಮ ಮಲೆನಾಡಿನಲ್ಲಿ ಯೋಚಿಸಲೇಬೇಕು. ಆಷಾಢದಲ್ಲಿ ಮನೆಯಂಗಳಕ್ಕೇ ಅಡಕೆಯ ದಬ್ಬೆ, ಸೋಗೆ ಹಾಸಿಕೊಂಡು ಜಾರದಂತೆ ಓಡಾಡುವವರು ನಾವು. ಪಾಚಿಗಟ್ಟಿದ ಜಂಬಿಟ್ಟಿಗೆಯ ಮೇಲೆ ಒಂಟಿಗಾಲಿನಲ್ಲಿ ಸುತ್ತುವವಳು ಒದೆಯುವುದಕ್ಕೆ ಮುಂಚೆಯೇ ಬಿದ್ದಿರುತ್ತಾಳೆ. ನೆಲ ಜಾರದೆ ಕಚ್ಚಿ ಹಿಡಿದರೆ ಇನ್ನೊಂದು ಕಷ್ಟ: ಪಾದ ನಿಂತಲ್ಲೇ ನಿಂತು ಮೈ ಮಾತ್ರ ತಿರುಗಿ ಮಂಡಿಯೊಳಗಿನ ರಜ್ಜು ತಿರುಚಿಕೊಳ್ಳುತ್ತದೆ. ಆ ತರುಣರ ಬಲಮಂಡಿಗೆ ಯಾವಾಗಲೂ ಪಟ್ಟಿ ಸುತ್ತಿರುತ್ತಿತ್ತು. ಕಾರಣವನ್ನು ನಾನು ಕೇಳಲಿಲ್ಲ.

ನಮ್ಮ ನಾಡಿನ ಹಳೆಯ ವಿದ್ಯೆಗಳಲ್ಲಿ ಇದಕ್ಕೆ ನೆಂಟರಾರಾದರೂ ಉಂಟೆ ಎಂದು ಹುಡುಕುವುದು ನನ್ನಂಥವನ ಚಾಪಲ್ಯ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೇ ಒಂದು ಭಾಗ ಮೀಸಲಾಗಿದೆ. ಜ್ಯೇಷ್ಠಿಕ ಮೊದಲಾಗಿ ಮಲ್ಲರಲ್ಲಿ ತರತಮಗಳನ್ನೂ ಅಲ್ಲಿ ಹೇಳಿದೆ. ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯಂದು ವಜ್ರಮುಷ್ಟಿ ಕಾಳಗವಾಡುವ ಜಟ್ಟಿಗಳ ಹೆಸರಿನಲ್ಲಿ ಆ 'ಜ್ಯೇಷ್ಠಿ' ಇನ್ನೂ ಉಸಿರಾಡುತ್ತಿದೆ. ಆದರೆ ನಮ್ಮ ಗರಡಿಯ ಕುಸ್ತಿ ಹಿಡಿತದ ವಿದ್ಯೆ, ಒದೆತದ್ದಲ್ಲ. ಒದೆಯುವುದು ಅಲ್ಲಿ ನಿಷಿದ್ಧ. ಹಾಗಿದ್ದೂ ಬೇಕೆಂದೇ ಬೆನ್ನು ಕೊಡುವ ಉಪಾಯ ಪೈಲವಾನರಿಗೆ ಹೊಸದೇನಲ್ಲ: ಎದುರಾಳಿಯ ತೋಳು ಹಿಡಿದು, ಸರಕ್ಕನೆ ತಿರುಗಿ, ಬೆನ್ನ ಮೇಲೆ ಹೇರಿಕೊಂಡು, ಮಡಿವಾಳನು ಬಟ್ಟೆಯನ್ನು ಕಲ್ಲಿಗೆ ಒಗೆದಂತೆ ಒಗೆಯುವ ಪಟ್ಟು ಪ್ರಸಿದ್ಧವಾಗಿದೆ, ಅದರ ಹೆಸರಿನಲ್ಲೂ ಧೋಬಿಯೇ ಇದ್ದಾನೆ. ಕಾಸರಗೋಡಿನಿಂದಾಚೆಗೆ ಮಲೆಯಾಳದ ಕಳರಿಗಳಲ್ಲಿ ಕಾಲೆತ್ತುವ ಸಾಧನೆಗಳ ಸಾಲಿನಲ್ಲಿ ತಿರಿಚ್ಚುಕಾಲ್ ಎಂಬುದೊಂದಿದೆ. ಕಾಲನ್ನು ನೆಟ್ಟಗೆ ಎತ್ತಿ ಇಳಿಸುತ್ತ ಮೈಯನ್ನು ಹಿಂದಕ್ಕೆ ತಿರುಗಿಸುವ ಚಲನೆ ಅದು. ಆ 'ತಿರಿ'ಯೂ ನಮ್ಮ 'ತಿರುಗು'ವೂ ಒಂದೇ ಬೇರಿನವು, 'ಕಾಲ್' ಅಂತೂ ನಮ್ಮದೇ. ಬಡಗುತಿಟ್ಟಿನ ಯಕ್ಷಗಾನದ ಗಿರಕಿಗಳನ್ನು ಚಿಕ್ಕಂದಿನಿಂದ ನೋಡಿದ ನಮ್ಮ ಮಕ್ಕಳಿಗೆ ಸುತ್ತುವುದು ಅಪರಿಚಿತವಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಅದರಿಂದ ಒದೆತಕ್ಕೆ ಏನು ಲಾಭವಾಯಿತೆಂಬುದನ್ನು ಮಾತ್ರ ನಾನು ಕಾಣೆ.

ಹೀಗೆ ಐದಾರು ವಾರ ಕಳೆದಿರಬೇಕು. ಒಂದು ಶನಿವಾರ, ಎರಡನೆಯ ವರ್ಷದ ಪದವಿ ತರಗತಿಯಲ್ಲಿ ಓದುವ ಹುಡುಗಿಯೊಬ್ಬಳು ಸಾಲಿನಿಂದ ಹೊರಗೆ ಬಂದು ನಿಂತಳು. ಸಂಜೆಯ ಕೊನೆಯ ಬಸ್ಸಿಳಿದು ಮನೆಗೆ ಮೂರು ಕಿಲೋಮೀಟರು ಕಾಡುದಾರಿಯಲ್ಲಿ ನಡೆಯುವವಳು. ದಾರಿಯಲ್ಲಿ ಒಂದು ತಿಂಗಳಿನಿಂದ ಯಾರೋ ಹಿಂದೆ ಹಿಂದೆ ಬರುತ್ತಾನೆಂದು ಅವಳ ಗೆಳತಿಯರು ನನಗೆ ಮೊದಲೇ ಹೇಳಿದ್ದರು; ಅವಳ ತಂದೆ ವಾರದಲ್ಲಿ ಮೂರು ದಿನ ಕೆಲಸ ಬಿಟ್ಟು ಬಸ್ಸಿನವರೆಗೆ ಬರುತ್ತಿದ್ದರು. ಉಳಿದ ಮೂರು ದಿನ ಅವಳು ಒಬ್ಬಳೇ. ಕಾಲೇಜು ಬಿಡಿಸುವ ಮಾತು ಮನೆಯಲ್ಲಿ ಆಗಲೇ ಎದ್ದಿತ್ತು. ಅವಳು ಕಲಿಸುವವರನ್ನು ಮೆಲ್ಲನೆ ಕೇಳಿದಳು: "ಸರ್, ಅವನು ಹಿಂದೆಯೇ ಇರುತ್ತಾನಲ್ಲ. ಮತ್ತೆ ನಾನು ತಿರುಗುವುದು ಯಾಕೆ?"

ಆ ತರುಣರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಹೌದು, ತಿರುಗಬೇಕಾಗಿಲ್ಲ" ಎಂದರು.

ನನಗೆ ಅಂದಿನಿಂದ ಈ ಒದೆತವೆಲ್ಲ ಬೇರೆಯಾಗಿ ಕಾಣತೊಡಗಿತು. ಪಂದ್ಯದಲ್ಲಿ ಎದುರಾಳಿ ಎದುರಿಗಿರುತ್ತಾನೆ. ಅವನಿಗೆ ಬೆನ್ನು ಕೊಡಬೇಕಾದರೆ ತಿರುಗಲೇಬೇಕು. ಅಲ್ಲದೆ ಪಂದ್ಯದ ನಿಯಮಗಳು ಆ ತಿರುಗುವಿಕೆಗೇ ಬಹುಮಾನ ಕೊಡುತ್ತವೆ. ಟೇಕ್ವಾಂಡೊ 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಪದಕದ ಆಟವಾಯಿತು. 2021ರಲ್ಲಿ ನಡೆದ ಟೋಕಿಯೊ ಕ್ರೀಡಾಕೂಟದ ನಿಯಮದಂತೆ ಮುಷ್ಟಿಯ ಪೆಟ್ಟಿಗೆ 1 ಅಂಕ, ಮೈಗೆ ಬಿದ್ದ ಸಾಮಾನ್ಯ ಒದೆತಕ್ಕೆ 2. ಅದೇ ಮೈಗೆ ತಿರುಗಿ ಒದ್ದರೆ 4. ತಲೆಗೆ ಒದ್ದರೆ 3, ತಿರುಗಿ ಒದ್ದರೆ 5. ಹೆಚ್ಚು ಕಷ್ಟದ್ದಕ್ಕೆ ಹೆಚ್ಚು ಅಂಕವೆಂಬುದು ಆಟದ ನ್ಯಾಯ, ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಅಂಕದ ಲೆಕ್ಕ ಕಲಿಸುವವರ ಮೈಯಲ್ಲಿ ಊರಿಬಿಟ್ಟಿರುತ್ತದೆ, ಅವರಿಂದ ಕಲಿಯುವವರ ಮೈಗೆ ಇಳಿಯುತ್ತದೆ. ಕಾಡುದಾರಿಯಲ್ಲಿ ಅಂಕ ಹಾಕುವವರಾರು? ಅಲ್ಲಿ ಕೇಡಿಗನು ಹಿಂದಿನಿಂದ ಬಂದು ಅರ್ಧ ಸುತ್ತನ್ನು ತಾನೇ ಮುಗಿಸಿಕೊಟ್ಟಿರುತ್ತಾನೆ. ಕಣ್ಣು ತಪ್ಪುವ ಕ್ಷಣಾರ್ಧವಿಲ್ಲ. ಜಾರುವ ಭಯ ಅರ್ಧಕ್ಕಿಂತ ಕಡಿಮೆ. ಹೆಗಲ ಚೀಲ ಮೈಯನ್ನು ಅತ್ತಿತ್ತ ಎಳೆಯುವ ತೊಂದರೆಯಿಲ್ಲ. ಬಲದ ಮೂಲವಾದ ದೊಡ್ಡ ಸ್ನಾಯು ಮಾತ್ರ ಇದ್ದಲ್ಲೇ ಇದೆ. ತಿರುಗೊದೆಯಿಂದ ತಿರುವನ್ನು ಕಳೆದರೆ ಉಳಿಯುವ ಒದೆ ಬಡವಾದದ್ದೆಂದು ಮೇಲುನೋಟಕ್ಕೆ ತೋರುತ್ತದೆ. ಹಿಂದಿನಿಂದ ಬಂದವನ ವಿಷಯದಲ್ಲಿ ಅದೇ ಪೂರ್ಣವಾದದ್ದು.

ಕಲಿಸುವ ಕ್ರಮ ಮುಂದಿನ ವಾರದಿಂದ ತಲೆಕೆಳಗಾಯಿತು. ಗೋಡೆಗೆ ಕೈಯೂರಿ ನಿಂತು, ಭುಜದ ಮೇಲಿಂದ ನೋಡಿ, ಹಿಂದಕ್ಕೆ ಒದೆಯುವುದು ಮೊದಲ ಪಾಠ. ಗುರಿಯೂ ಕೆಳಗಿಳಿಯಿತು. ಹೊಟ್ಟೆಯ ಎತ್ತರಕ್ಕೆ ಕಾಲೆತ್ತುವುದಕ್ಕೆ ಚೂಡಿದಾರವೂ ಬಿಡದು, ನೆಲವೂ ಬಿಡದು. ಮಂಡಿಯ ಎತ್ತರ ಸಾಕು. ಹಿಂದಿನಿಂದ ತಬ್ಬಿ ಹಿಡಿದವನಾದರೆ ಕಾಲು ಚಾಚಲು ಎಡೆಯಿರುವುದಿಲ್ಲ. ಆಗ ಹಿಮ್ಮಡಿಯನ್ನು ಅವನ ಮೊಣಕಾಲಿನ ಕೆಳಗಣ ಮೂಳೆಗೆ ಉಜ್ಜಿಕೊಂಡು ಇಳಿಸಿ ಪಾದದ ಮೇಲೆ ತುಳಿಯುವುದು. ಇಲ್ಲಿಗೆ ಬರುವಾಗ ಒದೆ, ತುಳಿತ ಎರಡೂ ಕೂಡಿಬಿಟ್ಟವು, ನನ್ನ ವಿಂಗಡಣೆ ಕೆಟ್ಟಿತು. ಅದೇನೂ ನಷ್ಟವಲ್ಲ. ಇದರ ಜೊತೆಗೆ ಕೂಗುವುದು. ಹವ್ಯಕರ ಮನೆಯ ಒಂದು ಹುಡುಗಿಗೆ ಒದೆಯುವುದು ಎರಡು ದಿನದಲ್ಲಿ ಬಂತು; ಗಂಟಲು ಬಿಟ್ಟು ಕೂಗುವುದಕ್ಕೆ ಮೂರು ವಾರ ಬೇಕಾಯಿತು. 112ಕ್ಕೆ ಕರೆಮಾಡಬಹುದೆಂಬುದನ್ನೂ ಹೇಳಿಕೊಟ್ಟರು. ಆದರೆ ಆ ಕಣಿವೆಯ ಎಷ್ಟು ತಿರುವುಗಳಲ್ಲಿ ಫೋನಿಗೆ ಸಂಕೇತ ಸಿಕ್ಕುತ್ತದೆಂಬುದು ಮಕ್ಕಳಿಗೇ ಚೆನ್ನಾಗಿ ಗೊತ್ತು.

ವಿದ್ಯಾರ್ಥಿನಿಲಯಗಳ ಹೆಣ್ಣುಮಕ್ಕಳಿಗೆ ಕೊಡಿಸುವ ಇಂಥ ಶಿಕ್ಷಣಕ್ಕೆ ನಮ್ಮ ಸರ್ಕಾರ ಒನಕೆ ಓಬವ್ವನ ಹೆಸರಿಟ್ಟಿದೆ. ಹೆಸರು ಉಚಿತವಾದದ್ದು, ಅದರ ಒಳಗಿರುವ ಪಾಠವನ್ನು ನಾವು ಗಮನಿಸುವುದು ಕಡಿಮೆ. ಚಿತ್ರದುರ್ಗದ ಆ ಕಾವಲುಗಾರನ ಹೆಂಡತಿಗೆ ಯಾವ ಪಟ್ಟು ತಿಳಿದಿತ್ತು? ದಿನವೂ ಭತ್ತ ಕುಟ್ಟುವ ಒನಕೆ, ದಿನವೂ ಎತ್ತಿ ಇಳಿಸಿದ ತೋಳು. ಜನ ಹೇಳುವ ಕಥೆಯಲ್ಲಿ ಅವಳ ಜಾಣ್ಮೆಯೆಲ್ಲ ಇರುವುದು ನಿಂತ ಜಾಗದಲ್ಲಿ: ಹೈದರಾಲಿಯ ಸೈನಿಕರು ಕಿಂಡಿಯಿಂದ ಒಬ್ಬೊಬ್ಬರಾಗಿ ತಲೆ ಹೊರಹಾಕಲೇಬೇಕಾದ ಕಡೆ ಅವಳು ನಿಂತಳು. ಆ ಕಿಂಡಿಯ ಬಾಯಲ್ಲಿ ಒನಕೆಯನ್ನು ತಲೆಯ ಸುತ್ತ ಒಮ್ಮೆ ತಿರುಗಿಸಿದ್ದರೆ ಬಂಡೆಗೇ ತಾಗುತ್ತಿತ್ತು.

ಕೊನೆಯ ದಿನ ಪ್ರದರ್ಶನವಿತ್ತು. ಪಂಚಾಯಿತಿಯವರು, ತಾಯಂದಿರು, ಶಾಲೆಯ ಮಕ್ಕಳು ಬಂದು ಸಭಾಭವನ ತುಂಬಿತ್ತು. ಇಬ್ಬರು ಹುಡುಗಿಯರು ಗಿರ್ರನೆ ತಿರುಗಿ ಹೆಂಚು ಒಡೆದರು. ಆ ಸದ್ದಿಗೆ ಎದ್ದ ಚಪ್ಪಾಳೆ ಮಾಡಿನ ಮಳೆಯನ್ನೂ ಮುಚ್ಚಿತು. ತಿರುಗೊದೆಯನ್ನು ಅವರು ಬಿಡಲಿಲ್ಲ, ಬಿಡಬೇಕೆಂದು ನಾನೂ ಹೇಳಲಾರೆ. ಕಷ್ಟವಾದದ್ದೊಂದನ್ನು ತನ್ನ ಮೈ ಮಾಡಬಲ್ಲದೆಂದು ಕಂಡ ಹುಡುಗಿಯ ಮುಖದಲ್ಲಿ ಬರುವ ಕಳೆಗೆ ಬೇರೆ ಉಪಯೋಗ ಕೇಳಬಾರದು. ಅದಾದ ಮೇಲೆ ಆ ಕಾಡುದಾರಿಯ ಹುಡುಗಿ ಬಂದು, ಹಿಂದಿನಿಂದ ಹಿಡಿಯಲು ಬಂದ ಜೊತೆಗಾತಿಗೆ ಮಂಡಿಯ ಎತ್ತರದಲ್ಲಿ ಒಂದು ಹಿಂದೊದೆ ತೋರಿಸಿ, ವೇದಿಕೆಯ ಮೆಟ್ಟಿಲಿಳಿದು ಓಡಿದಳು. ಎಲ್ಲ ಸೇರಿ ಎರಡು ಎಣಿಸುವಷ್ಟು ಹೊತ್ತು. ಚಪ್ಪಾಳೆ ಕೆಲವೇ ಬಿದ್ದವು. ಆಟ ಮುಗಿಯಿತೆಂಬುದೇ ಹಲವರಿಗೆ ತಿಳಿಯಲಿಲ್ಲ. ಅವಳ ತಂದೆ ಹಿಂದಿನ ಸಾಲಿನಲ್ಲಿ ನಿಂತಿದ್ದರು. ಆಮೇಲೆ ಬಂದು ಅವರು ಕೇಳಿದ್ದು ಒಂದೇ ಪ್ರಶ್ನೆ: "ಒದ್ದ ಕಾಲು ಎಲ್ಲಿ ಊರ್ತಾಳೆ?"

ಕೇಳಬೇಕಾದ ಪ್ರಶ್ನೆಯೇ ಅದು. ಪಂದ್ಯದಲ್ಲಿ ಒದ್ದ ಕಾಲನ್ನು ಎದುರಾಳಿಯ ಕಡೆಗೆ ಊರಿ ಮತ್ತೆ ಮುಖಾಮುಖಿಯಾಗಿ ನಿಲ್ಲುವುದು ರೂಢಿ; ಆಟ ಮುಂದುವರಿಯಬೇಕಲ್ಲ. ಅವಳಿಗೆ ಕಲಿಸಿದ್ದು ಹಾಗಲ್ಲ. ಹಿಂದಕ್ಕೆ ಹೋದ ಕಾಲು ಮಡಿಚಿಕೊಂಡು ಮುಂದೆ ಬರಬೇಕು. ಮನೆಯ ದಿಕ್ಕಿಗೆ ಊರಬೇಕು. ಊರಿದ್ದೇ ಓಟದ ಮೊದಲ ಹೆಜ್ಜೆಯಾಗಬೇಕು. ತರುಣರು ಅದನ್ನು ಅವರಿಗೆ ಅಲ್ಲಿಯೇ ಎರಡು ಸಲ ಮಾಡಿ ತೋರಿಸಿದರು. ತಂದೆ ಚಪ್ಪಲಿ ಕಳಚಿ, ಪಂಚೆ ಎತ್ತಿ ಕಟ್ಟಿ, ತಾವೂ ಒಮ್ಮೆ ಮಾಡಿ ನೋಡಿದರು.